ರೇಷ್ಮೆಯೊಳಗಿನ ನಿರಿಗೆ

ಸೀರೆ ಉಡುವುದರಲ್ಲಿ ನಿರಿಗೆಯೇ ಮುಖ್ಯ ಎಂದು ನನ್ನ ಅಭಿಪ್ರಾಯ. ಸೆರಗು ಹೇಗಾದರೂ ಇರಲಿ, ನಿರಿಗೆ ನೆಟ್ಟಗೆ ಬೀಳದಿದ್ದರೆ ಮದುವೆಮನೆಗೆ ಹೊರಟವಳ ಉತ್ಸಾಹವೆಲ್ಲ ಅರ್ಧಕ್ಕೆ ಇಳಿದುಬಿಡುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಯ ನಿರಿಗೆ ಹೇಳಿದ ಮಾತು ಕೇಳುತ್ತದೆ. ನೈಲಾನಿನದು ಎಷ್ಟು ಪಿನ್ನು ಚುಚ್ಚಿದರೂ ಜಾರುತ್ತಲೇ ಇರುತ್ತದೆ. ರೇಷ್ಮೆ ಸೀರೆಯದು ಬೇರೆಯೇ ಗತ್ತು. ಅದು ತನಗೆ ಬೇಕಾದಂತೆ ಬೀಳುತ್ತದೆ, ಬಿದ್ದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ನಾವು ಹೊರಗೆ ಇಷ್ಟೆಲ್ಲ ಒದ್ದಾಡಿ ಹಿಡಿಯುವ ನಿರಿಗೆ ರೇಷ್ಮೆಯ ಎಳೆಯೊಳಗೇ ಇದೆ ಎಂದರೆ ನಂಬುತ್ತೀರಾ? ಕಣ್ಣಿಗೆ ಕಾಣುವುದಿಲ್ಲ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಅಮೆರಿಕದ ಲೈನಸ್ ಪೌಲಿಂಗ್ ಮತ್ತು ರಾಬರ್ಟ್ ಕೋರಿ ಎಂಬ ವಿಜ್ಞಾನಿಗಳು 1951ರಲ್ಲಿ ಪ್ರೋಟೀನಿನ ಸರಪಳಿಗಳು ಪಕ್ಕಪಕ್ಕದಲ್ಲಿ ಮಲಗಿ, ಮಡಿಕೆ ಮಡಿಕೆಯಾದ ಹಾಳೆಯಂತೆ ಜೋಡಣೆಯಾಗಬಲ್ಲವು ಎಂದು ತೋರಿಸಿದರು. ಅದಕ್ಕೆ ಅವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ನಿರಿಗೆ ಹಾಳೆ’ ಎಂದೇ ಆಗುತ್ತದೆ. ಈ ಪೌಲಿಂಗ್ ಮಹಾಶಯರದು ಒಂದು ತಮಾಷೆಯ ಕಥೆಯಿದೆ. 1948ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ನೆಗಡಿಯಾಗಿ ಹಾಸಿಗೆ ಹಿಡಿದಿದ್ದರಂತೆ. ಪತ್ತೇದಾರಿ ಕಾದಂಬರಿ ಓದಿ ಓದಿ ಬೇಸರವಾಗಿ, ಒಂದು ಕಾಗದದ ಮೇಲೆ ಪ್ರೋಟೀನಿನ ಸರಪಳಿಯ ಚಿತ್ರ ಬರೆದು, ಅದನ್ನು ಮಡಿಸುತ್ತ ಸುತ್ತುತ್ತ ಕುಳಿತರಂತೆ. ಕೂದಲಿನಲ್ಲೂ ಉಣ್ಣೆಯಲ್ಲೂ ಇರುವ ಸುರುಳಿಯ ಆಕಾರ ಅವರಿಗೆ ಹೊಳೆದದ್ದು ಹಾಗೆ. ನೆಗಡಿ ಬಂದರೂ ಅಡಿಗೆಮನೆ ಬಿಡಲಾಗದ ನಮಗೆ ಇಂಥದೆಲ್ಲ ಹೊಳೆಯುವ ಸಂಭವ ಕಡಿಮೆ ಅನ್ನಿ.

ನಾನು ಬಿ.ಎ., ಬಿ.ಎಡ್. ಓದಿದವಳು. ಪಾಠ ಮಾಡುವುದು ಕನ್ನಡ ಮತ್ತು ಇತಿಹಾಸ. ಅಣು ಪರಮಾಣುಗಳ ಗೊಡವೆ ನನಗೇಕೆ ಬಂತು ಎಂದರೆ, ಅದಕ್ಕೆ ರೇಷ್ಮೆಯೇ ಕಾರಣ. ರಾಮನಗರದ ಕಡೆಯ ಹಳ್ಳಿಯೊಂದರಲ್ಲಿ ನಾನು ಹುಟ್ಟಿ ಬೆಳೆದದ್ದು. ಆಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಹೆಚ್ಚು ಜಾಗ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳು ಅಟ್ಟಣಿಗೆಯ ಮೇಲೆ ಅಟ್ಟಣಿಗೆ. ನಾವು ಮಕ್ಕಳು ಮಲಗುತ್ತಿದ್ದುದು ಜಗಲಿಯ ಮೇಲೆ.

ಹುಳು ಸಾಕುವುದು ಎಂದರೆ ಬಾಣಂತನ ಮಾಡಿದ ಹಾಗೆ ಎನ್ನುತ್ತಿದ್ದರು ನಮ್ಮಮ್ಮ. ಎಳೆ ಹುಳುವಿಗೆ ಹಿಪ್ಪುನೇರಳೆಯ ಎಳೆ ಸೊಪ್ಪನ್ನೇ ಸಣ್ಣಗೆ ಹೆಚ್ಚಿ ಹಾಕಬೇಕು. ಗಾಳಿ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಒಗ್ಗರಣೆಯ ಘಾಟು ತಾಗಬಾರದು. ನಾಲ್ಕು ಬಾರಿ ಹುಳು ಪೊರೆ ಕಳಚುತ್ತದೆ. ಅದನ್ನು ನಮ್ಮ ಕಡೆ ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ. ನಾಲ್ಕನೇ ಜ್ವರ ಎದ್ದಮೇಲೆ ನೋಡಬೇಕು ಅವುಗಳ ಹಸಿವು! ರಾತ್ರಿ ಎಲ್ಲರೂ ಮಲಗಿದಾಗ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಮೊಟ್ಟೆಯಿಂದ ಬಂದಾಗ ಇದ್ದ ತೂಕದ ಸುಮಾರು ಹತ್ತು ಸಾವಿರ ಪಾಲು ತೂಕವನ್ನು ಹುಳು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಗಳಿಸುತ್ತದೆ. ಆಮೇಲೆ ಒಂದು ದಿನ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅತ್ತಿತ್ತ ಆಡಿಸತೊಡಗುತ್ತದೆ. ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವ ಹಾಗಾಗಿರುತ್ತದೆ. ಹುಳು ಹಣ್ಣಾಯಿತು ಎಂದರೆ ಆ ದಿನ ಮನೆಯ ಹೆಂಗಸರಿಗೆ ಊಟವೂ ಇಲ್ಲ, ನಿದ್ದೆಯೂ ಇಲ್ಲ. ಹಣ್ಣಾದವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಸುತ್ತುಸುತ್ತಾಗಿ ಬಿದಿರಿನ ಪಟ್ಟಿ ಕಟ್ಟಿದ ಆ ಚಂದ್ರಿಕೆಯಲ್ಲಿ ಹುಳು ಎರಡು ಮೂರು ದಿನ ತಲೆಯನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಆಡಿಸುತ್ತ ಗೂಡು ಕಟ್ಟುತ್ತದೆ. ಒಂದು ಗೂಡಿನಲ್ಲಿ ಒಂದೇ ಎಳೆ. ಬಿಚ್ಚಿ ಎಳೆದರೆ ಸುಮಾರು ಒಂದು ಕಿಲೋಮೀಟರು ಉದ್ದ.

ನಾವು ಹುಳು ಸಾಕಿದೆವು, ಗೂಡು ಮಾರಿದೆವು. ಆದರೆ ಆ ಎಳೆ ಹುಳುವಿನ ಹೊಟ್ಟೆಯಲ್ಲಿ ಎಳೆಯಾಗಿ ಇರುವುದೇ ಇಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿಸಿದವಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಹುಡುಗಿ. ರಜಕ್ಕೆ ಬಂದಾಗ ನನ್ನ ಪಕ್ಕ ಕುಳಿತು ಅವರೆಕಾಳು ಹಿಸುಕುತ್ತ ಹೇಳಿದಳು. “ದೊಡ್ಡಮ್ಮಾ, ಹುಳುವಿನ ಒಳಗೆ ಎರಡು ಉದ್ದ ಚೀಲಗಳಿರುತ್ತವೆ. ಅದರಲ್ಲಿರೋದು ಗಟ್ಟಿ ಪಾಯಸದಂಥ ದ್ರವ. ಮುಕ್ಕಾಲು ಪಾಲು ಬರೀ ನೀರು. ಹೊರಗೆ ಬರೋವಾಗ ದಾರ ಆಗುತ್ತೆ ಅಷ್ಟೆ.”

“ಬಿಸಿ ಇಲ್ಲದೆ ಗಟ್ಟಿಯಾಗುತ್ತಾ?” ಎಂದೆ. ಪಾಕ ಹಿಡಿದು ಗೊತ್ತಿರುವವರು ಕೇಳುವ ಮೊದಲ ಪ್ರಶ್ನೆ ಅದೇ ತಾನೆ.

ಬಿಸಿಯೂ ಇಲ್ಲ, ಬೆಂಕಿಯೂ ಇಲ್ಲ. ನೈಲಾನಿನ ದಾರ ತೆಗೆಯಬೇಕಾದರೆ ಕಾರ್ಖಾನೆಯಲ್ಲಿ 250 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಬೇಕು. ಹುಳು ಅದೇ ಬಗೆಯ ಕೆಲಸವನ್ನು ನಮ್ಮ ನಡುಮನೆಯ ತಂಪಿನಲ್ಲಿ, ಬರಿಯ ನೀರಿನಲ್ಲಿ ಮಾಡಿ ಮುಗಿಸುತ್ತದೆ. ದ್ರವ ಸಣ್ಣ ಕೊಳವೆಯಲ್ಲಿ ಮುಂದೆ ಸರಿಯುವಾಗ ಸ್ವಲ್ಪ ಹುಳಿಯಾಗುತ್ತದೆ, ನೀರು ಬಿಟ್ಟುಕೊಡುತ್ತದೆ. ಎಳೆಯ ತುದಿ ಚಂದ್ರಿಕೆಗೆ ಅಂಟಿರುವುದರಿಂದ ಹುಳು ತಲೆಯಾಡಿಸಿದಷ್ಟೂ ಎಳೆತ ಬೀಳುತ್ತದೆ. ಆ ಎಳೆತಕ್ಕೆ, ಮುದುಡಿ ಕುಳಿತಿದ್ದ ಪ್ರೋಟೀನಿನ ಸರಪಳಿಗಳು ನೀಟಾಗಿ ಚಾಚಿಕೊಳ್ಳುತ್ತವೆ. ಚಾಚಿಕೊಂಡವು ಪಕ್ಕದವನ್ನು ಹಿಡಿಯುತ್ತವೆ. ಹಿಡಿ ಎಂದು ಯಾರೂ ಹೇಳುವುದಿಲ್ಲ, ನೇಯುವವರು ಯಾರೂ ಇಲ್ಲ. ಅಂಟಿಲ್ಲ, ಗಂಟಿಲ್ಲ. ನಿರಿಗೆ ಹಾಳೆ ತಾನೇ ತಾನಾಗಿ ಆಗಿಬಿಡುತ್ತದೆ.

ಹಿಡಿಯುವುದು ಯಾವುದರಿಂದ ಎಂಬುದೇ ಇಲ್ಲಿಯ ಸ್ವಾರಸ್ಯ. ಅದಕ್ಕೆ ಹೈಡ್ರೋಜನ್ ಬಂಧ ಎಂದು ಹೆಸರು. ಹಳೆಯ ಪಠ್ಯಪುಸ್ತಕಗಳಲ್ಲಿ ಜಲಜನಕ ಬಂಧ ಎಂದಿರುತ್ತಿತ್ತು. ಒಂದು ಸರಪಳಿಯಲ್ಲಿ ಸಾರಜನಕಕ್ಕೆ ಕಟ್ಟಿಕೊಂಡಿರುವ ಜಲಜನಕ, ಪಕ್ಕದ ಸರಪಳಿಯ ಆಮ್ಲಜನಕದ ಕಡೆಗೂ ಸ್ವಲ್ಪ ವಾಲುತ್ತದೆ. ವಾಲುವುದು ಅಷ್ಟೇ; ಮನೆ ಬಿಟ್ಟು ಹೋಗುವುದಿಲ್ಲ. ಪರಮಾಣುಗಳನ್ನು ಗಟ್ಟಿಯಾಗಿ ಕಟ್ಟುವ ಬಂಧಗಳ ಎದುರಿಗೆ ಇದರ ಬಲ ಸುಮಾರು ಇಪ್ಪತ್ತರಲ್ಲೊಂದು ಪಾಲು. ನಾವು ಕುಡಿಯುವ ನೀರಿನಲ್ಲಿ ಒಂದು ಅಣುವಿಗೂ ಇನ್ನೊಂದಕ್ಕೂ ಇರುವುದು ಇದೇ ಬಂಧ. ಅಲ್ಲಿ ಅದರ ಆಯಸ್ಸು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಒಂದೆರಡು ಭಾಗ. ಹಿಡಿಯುತ್ತದೆ, ಬಿಡುತ್ತದೆ, ಮತ್ತೊಂದನ್ನು ಹಿಡಿಯುತ್ತದೆ. ಪಠ್ಯಪುಸ್ತಕಗಳು ಇದನ್ನು ‘ದುರ್ಬಲ ಬಂಧ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ.

ಅಂದ ಹಾಗೆ, ಹೈಡ್ರೋಜನ್ ಬಂಧ ಎಂದರೆ ನಿಖರವಾಗಿ ಏನು ಎಂಬುದರ ಹೊಸ ವ್ಯಾಖ್ಯೆಯನ್ನು ಇಡೀ ಜಗತ್ತಿನ ರಸಾಯನಶಾಸ್ತ್ರಜ್ಞರ ಒಕ್ಕೂಟ 2011ರಲ್ಲಿ ಪ್ರಕಟಿಸಿತು. ಅದನ್ನು ರೂಪಿಸಿದ ತಂಡದ ಮುಂದಾಳುತನ ವಹಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅರುಣನ್. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಅವರೂ ಆ ತಂಡದಲ್ಲಿದ್ದರು. ನಮ್ಮ ಮಕ್ಕಳಿಗೆ ಇಂಥವನ್ನು ಯಾರೂ ಹೇಳುವುದಿಲ್ಲ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. 2001ರ ಸುಮಾರಿಗೆ ನಾನು ಕೆಲಸ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಹುದ್ದೆ ಒಂದೂವರೆ ವರ್ಷ ಖಾಲಿ ಬಿದ್ದಿತ್ತು. ಒಂಬತ್ತನೇ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂತು. ಆ ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಬಂದ ದಿನ ಕೈಗಳನ್ನು ದಾವಣಿಯೊಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದಳು. ಬರೆಯಲು ಹೇಳಿದರೆ ಪೆನ್ನು ಹಿಡಿಯಲಾಗದೆ ಒದ್ದಾಡುತ್ತಿದ್ದಳು.

ಒಂದು ದಿನ ಕೈ ಹಿಡಿದು ನೋಡಿದೆ. ಬೆರಳ ತುದಿಗಳು ನೆನೆದ ಬಾದಾಮಿಯ ಹಾಗೆ ಬಿಳಿಚಿ, ಸುಲಿದು, ಉಗುರಿನ ಸಂದಿಯಲ್ಲಿ ಕೀವು ತುಂಬಿತ್ತು. ನೂಲು ಬಿಚ್ಚುವ ಕಡೆ ಕೆಲಸ. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಿಸಿ ನೀರಿನ ತೊಟ್ಟಿಗೆ ಕೈಯಿಳಿಸಿ, ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ನಿಧಾನ ಮಾಡಿದರೆ ಎಳೆ ಕಡಿಯುತ್ತದೆ, ಬೈಗುಳ ಬೀಳುತ್ತದೆ. ಒಳಗಿನ ಸತ್ತ ಹುಳುವಿನ ವಾಸನೆ ಬೇರೆ. ಅವಳ ಅಪ್ಪ ತೀರಿಕೊಂಡ ವರ್ಷ ತಾಯಿ ಅಲ್ಲಿಯ ಯಜಮಾನನ ಹತ್ತಿರ ಮುಂಗಡ ತೆಗೆದುಕೊಂಡಿದ್ದಳು. ಮುಂಗಡ ತೀರುವ ತನಕ ಮಗಳು ಬರಬೇಕು ಎಂಬುದು ಕರಾರು. ಕೂಲಿಯೇ ಅಷ್ಟು ಕಡಿಮೆಯಿದ್ದಾಗ ಮುಂಗಡ ತೀರುವುದು ಎಂದಿಗೆ?

ಆ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಬಂಧಗಳ ಪಾಠ ನಡೆಯುತ್ತಿತ್ತು. ಇಡೀ ವರ್ಷ ಬಾಯಿ ಬಿಡದವಳು ಎದ್ದು ನಿಂತು, “ಮಿಸ್, ಗೂಡು ಬೇಯಿಸಿದ್ರೆ ಮೇಲಿನ ಅಂಟು ಕರಗುತ್ತೆ. ನಮ್ಮ ಕೈ ಚರ್ಮನೂ ಕಿತ್ತೋಗುತ್ತೆ. ಅಷ್ಟು ಸಣ್ಣ ಎಳೆ ಮಾತ್ರ ಯಾಕೆ ಕರಗಲ್ಲ?” ಎಂದಳು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ.

ಪ್ರಶ್ನೆಗಿಂತ ಮೊದಲು ಅವಳ ಕೈ ಆ ನೀರಿನಿಂದ ಹೊರಗೆ ಬರಬೇಕಿತ್ತು. ಹೆಡ್‌ಮಾಸ್ತರರೂ ನಾನೂ ಆ ಯಜಮಾನನ ಹತ್ತಿರ ಹೋದೆವು. ಆತ ಕುರ್ಚಿ ಹಾಕಿಸಿದ, ಕಾಫಿ ತರಿಸಿದ, “ನಾನೇನು ಕಟ್ಟಿ ಹಾಕಿದೀನಾ ಮೇಡಂ? ದುಡ್ಡು ಕೊಡಲಿ, ಕರಕೊಂಡು ಹೋಗಲಿ” ಎಂದ. ಕಾನೂನಿನ ಮಾತೆತ್ತಿದರೆ ತಾಯಿಯೇ ಬೆದರಿಬಿಟ್ಟಳು. ಕೊನೆಗೆ ದಾರಿ ತೋರಿಸಿದ್ದು ಅವರ ಬೀದಿಯ ಹೆಂಗಸರು. ಆಗಷ್ಟೇ ಸ್ತ್ರೀಶಕ್ತಿ ಸಂಘ ಕಟ್ಟಿಕೊಂಡಿದ್ದರು. ವಾರಕ್ಕೆ ಹತ್ತು ರೂಪಾಯಿ ಕಟ್ಟುವುದಕ್ಕೂ ಒಂದೊಂದು ವಾರ ತಡವಾಗುತ್ತಿದ್ದವರು. ಮೊದಲ ಸಾಲ ಹಸುವಿಗೆ ಎಂದು ನಿಗದಿಯಾಗಿತ್ತಂತೆ, ಹಸು ಕೊಳ್ಳಬೇಕಾದವಳೇ “ನಂದು ಆಮೇಲೆ ಆಗಲಿ” ಎಂದಳು. ಮುಂಗಡ ತೀರಿತು. ಹುಡುಗಿ ಹತ್ತನೇ ತರಗತಿಗೆ ದಿನವೂ ಬಂದಳು. ಈ ಘಟನೆಯನ್ನೂ ಹೈಡ್ರೋಜನ್ ಬಂಧವನ್ನೂ ಜೋಡಿಸಿ ಮಹಿಳಾ ದಿನಾಚರಣೆಯಲ್ಲಿ ಭಾಷಣ ಮಾಡಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನಾನು ಮಾಡಲಿಲ್ಲ. ಅಣುಗಳಿಗೆ ಬಡ್ಡಿ ಕಟ್ಟುವ ಕಷ್ಟವಿಲ್ಲ.

ಅವಳ ಪ್ರಶ್ನೆಯ ಉತ್ತರ ಹೀಗೆ. ಗೂಡಿನ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನ ನಿಜವಾದ ರೇಷ್ಮೆ ಫೈಬ್ರಾಯಿನ್. ಅದರ ಮೇಲೆ ಬಳಿದ ಅಂಟು ಸೆರಿಸಿನ್. ತೂಕದಲ್ಲಿ ಸುಮಾರು ಕಾಲು ಪಾಲು ಅಂಟೇ. ಎರಡರಲ್ಲೂ ಹೈಡ್ರೋಜನ್ ಬಂಧಗಳಿವೆ. ಆದರೆ ಸೆರಿಸಿನ್ನಿನ ಸರಪಳಿಗಳಿಗೆ ನೀರೆಂದರೆ ಬಹಳ ಪ್ರೀತಿ, ಜೋಡಣೆಯೂ ಸಡಿಲ. ಬಿಸಿ ನೀರು ಒಳನುಗ್ಗಿ, ಅವು ಒಂದನ್ನೊಂದು ಹಿಡಿದಿದ್ದ ಕೈ ಬಿಡಿಸಿ ತಾನು ಹಿಡಿದುಕೊಳ್ಳುತ್ತದೆ. ಅಂಟು ಕರಗುತ್ತದೆ. ಫೈಬ್ರಾಯಿನ್ನಿನ ಬಳಿ ಅದರ ಆಟ ನಡೆಯುವುದಿಲ್ಲ. ಗ್ಲೈಸಿನ್, ಅಲನಿನ್, ಸೆರೀನ್ ಎಂಬ ಮೂರು ಪುಟ್ಟ ಅಮೈನೋ ಆಮ್ಲಗಳೇ ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು. ಚಾಚಿಕೊಂಡ ಕೊಂಬೆಗಳಿಲ್ಲದ ಸಣ್ಣ ಆಕಾರದವು. ಆದ್ದರಿಂದ ನಿರಿಗೆ ಹಾಳೆಗಳು ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಗಳ ಹಾಗೆ. ನಡುವೆ ನೀರಿನ ಅಣುವಿಗೆ ತಲೆ ತೂರಿಸಲೂ ಜಾಗವಿಲ್ಲ. ಈ ಜೋಡಣೆಯನ್ನು ಮಾರ್ಷ್ ಎಂಬವರು ಕೋರಿ ಮತ್ತು ಪೌಲಿಂಗ್ ಜೊತೆ ಸೇರಿ 1955ರಲ್ಲೇ ಎಕ್ಸ್‌ರೇ ಚಿತ್ರಗಳಿಂದ ಕಂಡುಹಿಡಿದಿದ್ದರು.

ಕರಗುವುದಿಲ್ಲ, ಸರಿ. ಅಷ್ಟು ದುರ್ಬಲ ಬಂಧವಿದ್ದೂ ಎಳೆ ಸುಲಭಕ್ಕೆ ಹರಿಯುವುದಿಲ್ಲವಲ್ಲ, ಅದು ಹೇಗೆ? ಅದರ ಗುಟ್ಟು ಬಿಡಿಸಿದ್ದು 2010ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಮಾರ್ಕಸ್ ಬ್ಯೂಲರ್, ಸಿನಾನ್ ಕೆಟೆನ್ ಮತ್ತು ಅವರ ಜೊತೆಯವರು. ಅವರು ನೋಡಿದ್ದು ಜೇಡದ ರೇಷ್ಮೆಯನ್ನು, ಅದೂ ಕಂಪ್ಯೂಟರಿನ ಲೆಕ್ಕದಲ್ಲಿ. ಅಲ್ಲಿಯೂ ಇಂಥವೇ ನಿರಿಗೆ ಹಾಳೆಗಳ ಹರಳುಗಳಿವೆ. ಹರಳು ಬರಿಯ ಎರಡರಿಂದ ನಾಲ್ಕು ನ್ಯಾನೋಮೀಟರು ಅಳತೆಯದಾಗಿದ್ದರೆ ಮಾತ್ರ ಅದಕ್ಕೆ ಪೂರ್ತಿ ಬಲ. ದೊಡ್ಡದಾದಷ್ಟೂ ಬಲ ಕುಗ್ಗುತ್ತದೆ ಎಂದು ಅವರು ತೋರಿಸಿದರು. ಒಂದು ತಲೆಗೂದಲಿನ ದಪ್ಪವೇ 50 ಸಾವಿರದಿಂದ 1 ಲಕ್ಷ ನ್ಯಾನೋಮೀಟರು ಎಂದಮೇಲೆ ಆ ಹರಳು ಎಷ್ಟು ಸಣ್ಣದು ನೀವೇ ಊಹಿಸಿ.

ದೊಡ್ಡದಾದರೆ ಗಟ್ಟಿಯಾಗಬೇಕಲ್ಲವೆ ಎಂದು ನಾನೂ ವಾದಿಸಿದೆ. ತಂಗಿಯ ಮಗಳು ನನ್ನ ಹಳೆಯ ರವಿಕೆಯೊಂದನ್ನು ತಂದು ಟಿಚ್ ಬಟನ್ನುಗಳನ್ನು ತೋರಿಸಿದಳು. ಒಂದು ತುದಿಯಿಂದ ಎತ್ತುತ್ತ ಬಂದರೆ ಪಟಪಟ ಎಂದು ಒಂದೊಂದಾಗಿ ಬಿಚ್ಚುತ್ತವೆ. ಎಷ್ಟು ಬಟನ್ನಿದ್ದರೇನು, ಒಂದು ಸಲಕ್ಕೆ ತಡೆಯುವುದು ಒಂದೇ. ಹಾಗಲ್ಲದೆ ಎರಡು ಪಟ್ಟಿಗಳನ್ನೂ ಅತ್ತಿತ್ತ ನೇರವಾಗಿ ಜಗ್ಗಿದರೆ ಅಕ್ಕಪಕ್ಕದವೆಲ್ಲ ಒಟ್ಟಿಗೆ ತಡೆಯುತ್ತವೆ. ಬಟ್ಟೆ ಹರಿದೀತು, ಬಟನ್ನು ಬಿಚ್ಚದು. ಹರಳು ದೊಡ್ಡದಾದರೆ ಎಳೆದಾಗ ಬಾಗುತ್ತದೆ. ಬಾಗಿದ ಕಡೆಯಿಂದ ಬಂಧಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಪುಟ್ಟದು ಬಾಗುವುದಿಲ್ಲ, ಮೂರು ನಾಲ್ಕು ಬಂಧಗಳು ಸೇರಿ ಒಂದೇ ಸಲಕ್ಕೆ ತಡೆಯುತ್ತವೆ. ಒಂದು ಪಕ್ಷ ಬಿಚ್ಚಿ ಸರಿದರೂ ಸರಿದ ಜಾಗದಲ್ಲಿ ಇನ್ನೊಂದನ್ನು ಹಿಡಿದುಕೊಳ್ಳುತ್ತವೆ. ಬೇಗ ಬಿಟ್ಟು ಬೇಗ ಹಿಡಿಯುವ ಗುಣವೇ ಇಲ್ಲಿ ಉಪಕಾರಕ್ಕೆ ಬಂತು. ಗಟ್ಟಿ ಬಂಧ ಒಂದು ಸಲ ಹರಿದರೆ ಹರಿದೇ ಹೋಯಿತು.

ಇದೆಲ್ಲ ತಿಳಿದ ಮೇಲೆ ನಮ್ಮಮ್ಮನ ಕಟ್ಟುಪಾಡುಗಳ ಬಗ್ಗೆ ನನಗೆ ಗೌರವ ಹೆಚ್ಚಿದೆ. ರೇಷ್ಮೆ ಸೀರೆಯನ್ನು ಒದ್ದೆಯಿದ್ದಾಗ ಹಿಂಡಬಾರದು ಎನ್ನುತ್ತಿದ್ದರು. ಹತ್ತಿ ಸೀರೆಯನ್ನಾದರೆ ಒಗೆಯುವ ಕಲ್ಲಿಗೆ ಬಡಿಬಡಿದು ಹಿಂಡುತ್ತಿದ್ದರು. ಹತ್ತಿ ನೂಲು ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿ. ರೇಷ್ಮೆಯ ನೂಲು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹರಳಿನೊಳಗೆ ನೀರು ಹೋಗದಿದ್ದರೂ ಹರಳು ಹರಳಿನ ನಡುವಿನ ಸಡಿಲ ಭಾಗಕ್ಕೆ ಹೋಗುತ್ತದೆ, ಅಲ್ಲಿಯ ಹಿಡಿತ ಬಿಡಿಸುತ್ತದೆ. ನೆರಳಿನಲ್ಲಿ ಒಣಗಿಸಿ ಎನ್ನುತ್ತಿದ್ದುದಕ್ಕೂ ಕಾರಣವಿದೆ. ಬಿಸಿಲು ಹೈಡ್ರೋಜನ್ ಬಂಧಕ್ಕೆ ಅಲ್ಲ, ಸರಪಳಿಗೇ ಪೆಟ್ಟು ಕೊಡುತ್ತದೆ. ರೇಷ್ಮೆ ಹಳದಿಯಾಗಿ ಜೀರ್ಣವಾಗುತ್ತದೆ. ಹತ್ತಿ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವುದೂ ಹೈಡ್ರೋಜನ್ ಬಂಧದ ವ್ಯವಹಾರವೇ. ನೀರು ಹತ್ತಿಯ ಹಳೆಯ ಬಂಧಗಳನ್ನು ಬಿಡಿಸುತ್ತದೆ. ಶಾಖಕ್ಕೆ ನೀರು ಆವಿಯಾಗಿ ಹೋಗುವಾಗ, ನಾವು ಒತ್ತಿಹಿಡಿದ ಆಕಾರದಲ್ಲಿ ಹೊಸವು ಕೂಡಿಕೊಳ್ಳುತ್ತವೆ. ಆಸಕ್ತಿಯಿದ್ದವರು ನಾಳೆ ಬೆಳಿಗ್ಗೆ ಇಸ್ತ್ರಿ ಮಾಡುವಾಗ ನೆನೆಸಿಕೊಳ್ಳಬಹುದು.

ಅಮ್ಮನ ಹತ್ತಿರ ರೇಷ್ಮೆ ಸೀರೆ ಇದ್ದದ್ದು ಒಂದೇ, ಮದುವೆಯದು. ವರ್ಷಕ್ಕೆ ಐದಾರು ಬೆಳೆ ಗೂಡು ತೆಗೆದ ಹೆಂಗಸು!

ಕಳೆದ ವರ್ಷ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಹುಡುಗಿ ಎಂದರೆ ಈಗ ಅವಳ ಮಗಳೇ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ್ದಾಳೆ. ಇವಳು ಹತ್ತನೇ ತರಗತಿ ಪಾಸು ಮಾಡಿ, ಮದುವೆಯಾಗಿ, ಈಗ ಗಂಡನ ಜೊತೆ ಸ್ವಂತ ಹಿಪ್ಪುನೇರಳೆ ತೋಟ ಇಟ್ಟು ಹುಳು ಸಾಕುತ್ತಾಳೆ. ಕಾಫಿ ಕುಡಿಯುವಾಗ, ನೀನು ಅಂದು ಕೇಳಿದ್ದಕ್ಕೆ ಉತ್ತರ ಇಗೋ ಎಂದು ನಿರಿಗೆ ಹಾಳೆ, ಟಿಚ್ ಬಟನ್ನು ಎಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ, “ಅದು ಸರಿ ಮಿಸ್, ಆದರೆ ಅಂಟು ಪೂರ್ತಿ ಕರಗಬಾರದು” ಎಂದಳು. “ಗೂಡು ಜಾಸ್ತಿ ಬೆಂದ್ರೆ ಎಳೆ ಸಿಕ್ಕಾಗಿ ದಂಡ ಆಗುತ್ತೆ. ಒಂದು ಗೂಡಿನ ಎಳೆ ಒಂದೇ ಯಾವ ಲೆಕ್ಕಕ್ಕೂ ಬರಲ್ಲ. ಎಂಟು ಹತ್ತು ಗೂಡಿನದು ಸೇರಿಸಿ ನೂಲು ತೆಗೀಬೇಕು. ಅವು ಕೂಡ್ಕೊಳ್ಳೋದು ಉಳಿದ ಆ ಚೂರು ಅಂಟಿನಿಂದಲೇ. ಆರಿದ ಮೇಲೆ ಎಷ್ಟು ಎಳೆ ಅಂತ ಬಿಡಿಸಿ ಹೇಳಕ್ಕಾಗಲ್ಲ. ನೀರು ಎಷ್ಟು ಕಾದಿರಬೇಕು ಅಂತ ನಮಗೆ ಬೆರಳಲ್ಲೇ ಗೊತ್ತಾಗೋದು.”

ನೂಲು ಬಿಚ್ಚುವುದಕ್ಕೆ ಈಗ ದೊಡ್ಡ ಯಂತ್ರಗಳು ಬಂದಿವೆಯಲ್ಲ ಎಂದೆ. ಬಂದಿವೆ, ಎಲ್ಲ ಕಡೆಗೂ ಬಂದಿಲ್ಲ ಎಂದಳು. ಲೋಟ ಕೆಳಗಿಡುವಾಗ ಅವಳ ಕೈ ನೋಡಿದೆ. ಬೆರಳುಗಳೆಲ್ಲ ಚೆನ್ನಾಗಿವೆ. ಬಲಗೈ ತೋರುಬೆರಳಿನ ಉಗುರು ಮಾತ್ರ ಸೊಟ್ಟಗೇ ಬೆಳೆದಿದೆ.